ಮೇಣ ತುಂಬಿದ ನೀಲಿ ಬಟ್ಟಲು

ಚೀನಾದ ಜಿಂಗ್‌ಡೆಝೆನ್ನಿನ ಅರಮನೆ ಆವಿಗೆಯಲ್ಲಿ ಸುಯ್‌ಯುನ್ ಪಿಂಗಾಣಿ ತೊಳೆಯುವವಳು. ಚಕ್ರವರ್ತಿಯ ಆಕಾಶಪೂಜೆಯ ನೀಲಿ ಬಟ್ಟಲು ಬಿರಿಯಿತೆಂದು ಮೇಲ್ವಿಚಾರಕ ಪಾಂಗ್ ಅದನ್ನು ಸುಟ್ಟಿದ್ದ ಅವಳ ಗಂಡನಿಗೆ ಅರವತ್ತು ಕೋಲಿನೇಟು ಹಾಕಿಸಿ ಕೊಂದು ಒಂಬತ್ತು ವರ್ಷವಾಗಿತ್ತು. ಪಾಂಗ್‌ಗೂ ಅದೇ ಕೋಲು ಬೀಳಲೆಂದು ಅವಳು ದಿನವೂ ಊದುಬತ್ತಿ ಹಚ್ಚಿ ಬೇಡುತ್ತಿದ್ದಳು.

ಈ ಸಲದ ಪೂಜೆಯ ಬಟ್ಟಲೂ ಬಿರಿದಾಗ ಪಾಂಗ್ ಬಿರುಕಿಗೆ ನೀಲಿ ಮೇಣ ತುಂಬಿದ್ದನ್ನು ಅವಳು ಕಂಡಿದ್ದಳು. ಪರೀಕ್ಷಿಸಲು ಬಂದ ರಾಜಧಾನಿಯ ಅಧಿಕಾರಿ ಅದನ್ನು ಕೈಗೆತ್ತಿಕೊಳ್ಳುವವರೆಗೂ ಬಾಯಿ ಬಿಡಲಿಲ್ಲ.

"ಬುದ್ಧಿ, ಬಿಸಿನೀರಲ್ಲಿ ಒಂದ್ಸಲ ತೊಳೆದುಕೊಡ್ಲಾ?"

"ಏ ಮುದುಕಿ, ನಿಂಗ್ಯಾಕೆ ಇಲ್ಲದ ಉಸಾಬರಿ!" ಪಾಂಗ್ ಗದರಿದ.

"ದೇವರ ಮುಂದೆ ಇಡೋದಲ್ವಾ ಸ್ವಾಮಿ, ಶುದ್ಧವಾಗಿರ್ಲಿ."

ಅಧಿಕಾರಿ ಒಪ್ಪಿದ. ಬಿಸಿನೀರು ಬಿದ್ದೊಡನೆ ಮೇಣ ಕರಗಿ ಬಿರುಕಿನಿಂದ ನೀರು ಜಿನುಗಿತು. ಅಧಿಕಾರಿ ಪಾಂಗ್‌ಗೆ ಅರವತ್ತು ಏಟು ವಿಧಿಸಿದ.

ಕೋಲು ಬಂತು. ಸುಯ್‌ಯುನ್ ಕೈ ಒರೆಸಿಕೊಂಡು ಹತ್ತಿರ ನಿಂತು, ಮೊದಲ ಏಟಿನಿಂದಲೇ ಎಣಿಸತೊಡಗಿದಳು. ಅರವತ್ತಕ್ಕೆ ಒಂದೂ ಕಡಿಮೆಯಾಗಬಾರದಿತ್ತು.