ಕುಲುಮೆಯ ಮುಂದಿನ ಮೇಷ್ಟ್ರು

ರಾಯದುರ್ಗದ ಡಿಗ್ರಿ ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರು ಶಿವಶಂಕರ್ ಬೆಳೆ ತೆಗೆಯುವುದು ಗಾಜಿನ ಮೇಲೆ. ಅಂಗೈಯಗಲದ ಗಾಜಿಗೆ ಟೈಟಾನಿಯಂ ಆಕ್ಸೈಡಿನ ಬಿಳಿ ಹಿಟ್ಟನ್ನು ಸವರಿ ಕುಲುಮೆಯಲ್ಲಿ ಸುಟ್ಟರೆ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳ ಪದರ ಕೂರುತ್ತದೆ. ಅದಕ್ಕೆ ದಾಳಿಂಬೆ ರಸದ ಬಣ್ಣ ಕುಡಿಸಿ ಬಿಸಿಲಿಗೆ ಹಿಡಿದರೆ ಒಂದಿಷ್ಟು ಕರೆಂಟು ಹುಟ್ಟುತ್ತದೆ. "ದೋಸೆ ತೆಳ್ಳಗ ಹೊಯ್ಯಾಕ ಬಂದ್ರ ಇದೂ ಬರ್ತೈತಿ" ಎಂದು ಲ್ಯಾಬಿಗೆ ಬರುವ ಹುಡುಗಿಯರಿಗೆ ಧೈರ್ಯ ಹೇಳುತ್ತಾರೆ. ಕುಲುಮೆ ಆರಿಸಿದ ಮೇಲೆ ಮಾತ್ರ ಅದರ ಬಾಗಿಲಿಗೆ ಪ್ರಿನ್ಸಿಪಾಲರೂ ಕೈ ಹಚ್ಚುವಂತಿಲ್ಲ. ತಣ್ಣನೆ ಗಾಳಿ ತಾಗಿದರೆ ಪದರ ಸೀಳುತ್ತದೆಂದು ಸ್ಟೂಲು ಹಾಕಿಕೊಂಡು ಕಾವಲು ಕೂರುತ್ತಾರೆ. "ತಣ್ಣಗಾಗ್ಲಿ, ತಡೀರಿ" ಎನ್ನುವುದೇ ಅವರ ಪಲ್ಲವಿ. "ನಿಮ್ ಮದುವಿಗಾದ್ರೂ ಟೈಮಿಗೆ ಹೋಗಿದ್ರೇನ್ರಿ ಸರ?" ಎಂದು ಅಟೆಂಡರ್ ಉಚ್ಚಂಗೆಪ್ಪ ಕಾಡಿಸಿದರೆ ನಗುತ್ತಾರೆ. ಗುಮ್ಮಘಟ್ಟದ ಹೆಸರೆತ್ತಿದರೆ ನಗುವುದಿಲ್ಲ. ಆ ಊರಿನ ಲಕ್ಷ್ಮಿದೇವಿ, ಲ್ಯಾಬಿನಲ್ಲಿ ಎಲ್ಲರಿಗಿಂತ ತೆಳ್ಳಗೆ ಸವರುತ್ತಿದ್ದವಳು, ಒಂದು ಬೆಳಿಗ್ಗೆ ಓಡಿಬಂದು, "ಸರ, ಇವತ್ತ ನನ್ನ ಬೆಂಗಳೂರು ಗಾರ್ಮೆಂಟ್ಸಿಗೆ ಕಳಸ್ತಾರ್ರಿ. ನೀವು ಬಂದು ನಮ್ಮಪ್ಪಗ ಒಂದ್ ಮಾತು ಹೇಳ್ರಿ" ಎಂದಿದ್ದಳು. "ನೀ ನಡಿಯವ್ವ, ಇದೊಂದು ತಣ್ಣಗಾಗ್ಲಿ, ಬರ್ತೀನಿ" ಎಂದರು. ಸಂಜೆ ಅವರು ಗುಮ್ಮಘಟ್ಟದಲ್ಲಿ ಶೇರ್ ಆಟೋ ಇಳಿದಾಗ ಅವಳ ತಾಯಿ ಓಬಕ್ಕ ಒಬ್ಬಳೇ ಅಂಗಳದಲ್ಲಿದ್ದಳು. "ಸರ್ ಬರ್ತಾರಂತ ಮೊದಲ್ನೇ ಆಟೋ ಬಿಟ್ಲ್ರಿ, ಎರಡ್ನೇದೂ ಬಿಟ್ಲು" ಎಂದು ಕುಡಿಯಲು ನೀರು ಕೊಟ್ಟಳು. ಆ ದಿನದ ಪದರದಲ್ಲಿ ಒಂದು ಬಿರುಕೂ ಇರಲಿಲ್ಲ. ಮೇಷ್ಟ್ರು ಅದಕ್ಕೆ ಇನ್ನೂ ಬಣ್ಣ ಕುಡಿಸಿಲ್ಲ.