ಕಿವಿಗೆ ಕೂಗಿದ ಮಾತು

ಹಾಲಮ್ಮ, ಆ ವ್ಯಾಯಾಮ ನಿನಗೆ ಬೇಡ ಅಂತ ಆಸ್ಪತ್ರೆಯ ಹುಡುಗಿ ಹೇಳಿರಲಿಲ್ಲ. ಹೇಳಿದವಳು ನಾನು.

ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈಗ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿನ ಅಕ್ಷರ, ಕೋಳಿ ಕೆದರಿದ ಹಾಗಿದೆ — ಹೇಗೋ ಓದಿಸಿಕೋ.

ನೆನಪಿದೆಯಲ್ಲ, ಸಮುದಾಯ ಭವನದ ಜಗಲಿಗೆ ಆ ಹುಡುಗಿ ಮಂಗಳವಾರ ಮಂಗಳವಾರ ಬಂದು, ನಮ್ಮಂಥ ಮುದುಕಿಯರಿಗೆ ಬೀಳದ ಹಾಗೆ ನಿಲ್ಲುವುದನ್ನು ಕಲಿಸುತ್ತಿದ್ದಳು. ಕುರ್ಚಿ ಹಿಡಿದು ಒಂದು ಕಾಲೆತ್ತಿ ಹತ್ತು ಎಣಿಸಬೇಕು. ಸುಣ್ಣದ ಗೆರೆಯ ಮೇಲೆ ಪಾದಕ್ಕೆ ಪಾದ ತಾಗಿಸಿಟ್ಟು ನಡೆಯಬೇಕು. ನಿನಗೆ ಕಿವಿ ಮಂದ. ಅವಳು ಹೇಳಿದ್ದನ್ನೆಲ್ಲ ನಿನ್ನ ಕಿವಿಗೆ ಕೂಗುವವಳು ನಾನು. ಮೊದಲ ದಿನ ಕೂಗಿದ್ದೆ: "ಒಂಟಿಕಾಲಲ್ಲಿ ತಪಸ್ಸು ಮಾಡ್ಬೇಕಂತೆ ಕಣೇ. ಯಾವ ವರ ಕೇಳ್ತೀಯ?"

"ನಿನ್ನ ಬಾಯಿ ಮುಚ್ಸೋ ವರ" ಅಂದೆ ನೀನು.

ನಾನು ಎರಡೇ ವಾರಕ್ಕೆ ಬೇಸತ್ತು ಜಗಲಿಯ ಮೂಲೆಗೆ ಕೂತೆ. ನೀನು ಬಿಡಲಿಲ್ಲ.

ಆಮೇಲೆ ಒಂದು ಸಂತೆಯ ದಿನ — ಹೇಳಬೇಕಾದ್ದು ಇದೇ — ನೀನು ನನ್ನ ಮೊಣಕೈ ಬಿಟ್ಟೆ. ಎಷ್ಟೋ ವರ್ಷ ಅದನ್ನು ಹಿಡಿದೇ ಸಂತೇಬೆನ್ನೂರಿನ ಸಂತೆ ತಿರುಗಿದವಳು. ಮೆಣಸಿನಕಾಯಿ ಮಾರುವವನು ನಮ್ಮನ್ನು ಕಂಡರೆ, "ಜೋಡೆತ್ತು ಬಂದ್ವು, ದಾರಿ ಬಿಡ್ರೀ" ಅನ್ನುತ್ತಿದ್ದ. ಅವತ್ತು ನೀನು ಚೀಲ ಬೀಸಿಕೊಂಡು ನನಗಿಂತ ನಾಲ್ಕು ಹೆಜ್ಜೆ ಮುಂದೆ. "ಒಂದೆತ್ತು ಹಗ್ಗ ಕಿತ್ಕೊಂಡೈತೆ!" ಅಂದ ಅವನು. ನೀನು ತಿರುಗಿ ನಕ್ಕೆ. ನಾನು ನಗಲಿಲ್ಲ. ಗಂಡ ಸತ್ತಮೇಲೆ ನನ್ನನ್ನು ಮುಟ್ಟುವ ಕೈ ನಿನ್ನದೊಂದೇ ಇತ್ತು — ಬರೆಯಲು ನಾಚಿಕೆ. ಇರಲಿ.

ಮುಂದಿನ ಮಂಗಳವಾರ ಆ ಹುಡುಗಿ ನನಗೆ ಹೇಳಿದಳು: "ಅಜ್ಜಿ ಭಾಳ ಚೆನ್ನಾಗಿ ಮಾಡ್ತಾರೆ. ದಿನಾ ಮನೇಲೂ ಮಾಡಾಕೆ ಹೇಳ್ರಿ, ಬಿಡಬಾರದು."

ಮನೆಗೆ ಬರುವ ದಾರಿಯಲ್ಲಿ ನೀನು ಕೇಳಿದೆ: "ಏನಂದ್ಳೇ?"

ನಿನ್ನ ಕಿವಿಗೆ ಬಾಯಿಟ್ಟೆ. "ನಿನ್ನ ಮೂಳೆ ಟೊಳ್ಳಾಗೈತಂತೆ. ನಿಂಗೆ ಇದು ಬ್ಯಾಡಂತೆ. ಮುರೀತೈತಂತೆ."

ನೀನು ಒಂದು ಗಳಿಗೆ ನಿಂತೆ. ಮತ್ತೆ ನನ್ನ ಮೊಣಕೈ ಹಿಡಿದೆ. ನನಗೆ — ಇಲ್ಲಿ ಸುಳ್ಳು ಬರೆಯುವುದಿಲ್ಲ — ಸುಖವಾಯಿತು.

ನೀನು ಯಾಕೆ ಬರುತ್ತಿಲ್ಲ ಅಂತ ಆ ಹುಡುಗಿ ಕೇಳಿದಾಗ, "ಅವಳಿಗೆ ಮನಸಿಲ್ಲ" ಅಂದೆ. ಎರಡು ಕಡೆಗೂ ಸುಳ್ಳು.

ಐದು ತಿಂಗಳಿಗೆ ನೀನು ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡೆ. ಬಚ್ಚಲಿಗೆ ನನ್ನ ಮೊಣಕೈ ಬರುವುದಿಲ್ಲವಲ್ಲ. ವ್ಯಾಯಾಮ ಬಿಡದಿದ್ದರೂ ಬೀಳುತ್ತಿದ್ದೆಯೋ ಏನೋ — ಅದರ ಹಿಂದೆ ಅಡಗಿಕೊಳ್ಳುವುದಿಲ್ಲ. ನಿನ್ನ ಮಗಳು ಶಾಂತ ನಿನ್ನನ್ನು ಜಗಳೂರಿಗೆ ಕರೆದೊಯ್ಯುವಾಗ ನನ್ನ ಕಾಲು ಮುಟ್ಟಿ, "ನೀವಿದ್ರಿ ಅಂತ ಅವ್ವ ಇಷ್ಟು ವರ್ಷ ಓಡಾಡಿದ್ಲು, ದೊಡ್ಡವ್ವ" ಅಂದಳು. ಆಗಲೂ ಹೇಳಲಿಲ್ಲ. ಮುಟ್ಟಿಸಿಕೊಂಡೆ.

ಈಗ ಸಂತೆಗೆ ಒಬ್ಬಳೇ ಹೋಗುತ್ತೇನೆ. ಎಡಗಡೆ ಖಾಲಿ, ಹೆಜ್ಜೆ ಆ ಕಡೆಗೇ ವಾಲುತ್ತದೆ. ಮೆಣಸಿನಕಾಯಿಯವನು ತೂಗಿ ಕೊಡುತ್ತಾನೆ, ಅಷ್ಟೆ. ಮನೆಯಲ್ಲಿ ಗೋಡೆ ಹಿಡಿದು ಒಂದು ಕಾಲೆತ್ತಿ ಎಣಿಸುತ್ತೇನೆ. ನಾಲ್ಕಕ್ಕೇ ಕಾಲು ಇಳಿಯುತ್ತದೆ. ನೀನು ಹತ್ತು ನಿಲ್ಲುತ್ತಿದ್ದೆ.

ಶಾಂತ, ಇದನ್ನು ಓದುತ್ತಿರುವವಳು ನೀನೇ ಅಂತ ಗೊತ್ತು. ನಿನಗೂ ತಿಳಿದಂತಾಯಿತು. ಕ್ಷಮಿಸು ಅಂತ ಕೇಳಲು ಬರೆದಿದ್ದಲ್ಲ. ಅವ್ವನಿಗೆ ಬಲಗಿವಿ ಸ್ವಲ್ಪ ಕೇಳಿಸುತ್ತದೆ, ಅದಕ್ಕೆ ಬಾಯಿಟ್ಟು ಜೋರಾಗಿ ಓದು. ಬೀದಿಗೆಲ್ಲ ಕೇಳಿಸಿದರೆ ಕೇಳಿಸಲಿ. ಅವ್ವ ನೊಂದುಕೊಳ್ಳುತ್ತಾಳೆ ಅಂತ ಒಂದು ಮಾತನ್ನೂ ಬದಲಿಸಬೇಡ. ಆ ಕೆಲಸ ನಾನು ಮಾಡಿದ್ದು ಸಾಕು.