ಸರೋಜಕ್ಕನ ಬಟ್ಟೆ ಒಡವೆ

ಸರೋಜಕ್ಕನ ಕೊರಳಲ್ಲಿ ಚಿನ್ನದ ಒಂದು ಎಳೆಯೂ ಇರಲಿಲ್ಲ. ಆದರೂ ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಅಷ್ಟು ಸಿಂಗಾರವಾಗಿ ಓಡಾಡುತ್ತಿದ್ದ ಹೆಂಗಸು ಇನ್ನೊಬ್ಬರಿರಲಿಲ್ಲ. ಸವೆದ ರೇಷ್ಮೆ ಸೀರೆಯ ಅಂಚನ್ನು ಗುಂಡಗೆ ಸುತ್ತಿ ಹೊಲಿದ ಮಣಿಸರ, ಹಳೆಯ ಲೇಸಿನ ಓಲೆ, ಜರಿಯ ಬಳೆ. ಎಲ್ಲವೂ ಅವರ ಕೈಯವೇ.

ಕುದೇರಿನ ಗಂಡನ ಮನೆ ಬಿಟ್ಟು ನಮ್ಮ ಪಕ್ಕದ ಕೋಣೆಗೆ ಅವರು ಬಾಡಿಗೆಗೆ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಗಂಡ ತೀರಿಕೊಂಡ ಮೇಲೆ ಮೈದುನ ಮಾದಪ್ಪ ಒಡವೆಗಳನ್ನೆಲ್ಲ ತೆಗೆಸಿ ಇಟ್ಟುಕೊಂಡಿದ್ದ. ಜೊತೆಗೆ ಬಂದದ್ದು ಒಂದು ಹೊಲಿಗೆ ಮಿಷಿನ್ನು, ಒಂದು ಟ್ರಂಕು. ಮೊದಲ ವಾರವೇ ಧಾರೆ ಸೀರೆಯನ್ನು ಮಡಿಲಲ್ಲಿ ಹರಡಿಕೊಂಡು ಕತ್ತರಿ ಹಾಕುತ್ತಿದ್ದರು. ಯಾಕಕ್ಕ ಎಂದು ಕೇಳಿದೆ.

"ಉಡಬ್ಯಾಡ ಅಂದವ್ರೆ ಕಣಮ್ಮಿ. ಕತ್ತರಿಸ್ಬ್ಯಾಡ ಅಂತ ಯಾರೂ ಅಂದಿಲ್ವಲ್ಲ."

ಹಳೆಯ ಬಟ್ಟೆ ಕೈಗೆ ಬಂದರೆ ಮೊದಲು ಕಿಟಕಿಯ ಬೆಳಕಿಗೆ ಹಿಡಿದು, ಹಿಂಜಿದ್ದೆಲ್ಲಿ ಎಂದು ನೋಡುತ್ತಿದ್ದರು. ಗಂಜಿಯಲ್ಲಿ ಅದ್ದಿ, ಒಣಗಿಸಿ, ಆಮೇಲೆ ಸೂಜಿ. ಕೇರಳದ ಬತ್ತೇರಿ ಕಡೆಯ ನರ್ಸೊಬ್ಬರು ಅಜ್ಜಿಯ ಹರಿದ ಲೇಸು ತಂದುಕೊಟ್ಟಾಗ ಅದರ ಒಂದು ಹೂವನ್ನೂ ಬಿಸಾಡದೆ ಓಲೆ ಮಾಡಿಕೊಟ್ಟರು. ಚಾಮರಾಜನಗರದ ಅಂಗಡಿಯವನೊಬ್ಬ ಬಂದು, ಹೊಸ ಬಟ್ಟೆಯನ್ನೇ ಟೀ ನೀರಲ್ಲಿ ನೆನೆಸಿ ಹಳೆಯದೆಂದು ಮಾರೋಣ ಎಂದ. "ಸವೀಬೇಕಾದ್ರೆ ಯಾರಾರ ಉಟ್ಟಿರ್ಬೇಕು ಕಣಪ್ಪ" ಎಂದು ಅವನ ಬಟ್ಟೆಯ ಗಂಟನ್ನು ಎತ್ತಿ ಅವನ ಸ್ಕೂಟರಿನ ಮೇಲಿಟ್ಟು ಬಂದರು.

ಮಾದಪ್ಪನ ಮಗನ ಮದುವೆ ಚಾಮರಾಜನಗರದ ಛತ್ರದಲ್ಲಿ ನಡೆಯಿತು. ಸರೋಜಕ್ಕ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಕೊರಳಲ್ಲಿ ಧಾರೆ ಸೀರೆಯ ಸರ. ಬಾಗಿಲಲ್ಲೇ ಮಾದಪ್ಪ ತಡೆದ.

"ಅತ್ಗೆ, ಅದ ತಗ್ದುಬುಟ್ಟು ಒಳಕ್ಕೆ ಬನ್ನಿ. ಜನ ಏನಂದಾರು?"

ಸರೋಜಕ್ಕ ದನಿ ಏರಿಸಲಿಲ್ಲ. "ಚಿನ್ನ ನಮ್ಮನೇದು ಅಂದೆ ನೀನು, ಬಿಚ್ಕೊಟ್ಟೆ. ಇದು ನನ್ನ ಕೈಲಿ ಮಾಡ್ಕಂಡಿರದು. ಜನ ಕೇಳುದ್ರೆ ನನ್ತಾವ ಕಳ್ಸು, ನಾ ಯೋಳ್ತೀನಿ."

ಅವರು ಹೋಗಿ ಮುಂದಿನ ಸಾಲಿನಲ್ಲೇ ಕೂತರು. ಅಕ್ಷತೆ ಹಾಕಲು ಎದ್ದಾಗ ಒಂದಿಬ್ಬರು ಹೆಂಗಸರು ಪಕ್ಕಕ್ಕೆ ಸರಿದರು. ಮೊದಲ ಪಂಕ್ತಿಯಲ್ಲಿ ಉಂಡು, ಪಾಯಸ ಎರಡು ಸಲ ಹಾಕಿಸಿಕೊಂಡರು. ವಾಪಸ್ ಬರುವ ಬಸ್ಸಿನಲ್ಲಿ ಮಾತ್ರ ತೆರಕಣಾಂಬಿ ದಾಟುವವರೆಗೂ ಮುಖಕ್ಕೆ ಸೆರಗು ಒತ್ತಿಕೊಂಡಿದ್ದರು.

ತಿಂಗಳೊಳಗೆ ಆ ಮದುಮಗಳೇ ತನ್ನ ಅಜ್ಜಿಯ ಸವೆದ ಸೀರೆ ಹಿಡಿದು ಬಂದಳು. "ದೊಡ್ಡತ್ತೆ, ನನ್ಗೂ ಒಂದು ಮಾಡ್ಕೊಡಿ."

ಎಷ್ಟೋ ವರ್ಷಗಳಾದ ಮೇಲೆ, ಸರೋಜಕ್ಕನನ್ನು ನಾನು ಕೊನೆಯ ಸಲ ಕಂಡದ್ದು ಕಳೆದ ಯುಗಾದಿಗೆ ಮುಂಚೆ. ಸಕ್ಕರೆ ಕಾಯಿಲೆ ಕಣ್ಣಿನ ಬೆಳಕು ತೆಗೆದಿತ್ತು. ಸೂಜಿಗೆ ದಾರ ಪೋಣಿಸಿಕೊಡಲು ನಾನು ಹೋಗಿ ಕೂತಿದ್ದೆ. ಅಷ್ಟರಲ್ಲಿ ಮಾದಪ್ಪ ಕಾರು ಮಾಡಿಕೊಂಡು ಬಂದ. ಅವನ ತಲೆಯೂ ನೆರೆತಿತ್ತು.

"ನಡೀರಿ ಅತ್ಗೆ, ಊರ್ಗೆ ಓಗನ. ಕಣ್ ಕಾಣ್ದಂಗೆ ಒಬ್ರೇ ಎಂಗಿದ್ದೀರಿ?" ದನಿಯಲ್ಲಿ ನಿಜವಾದ ಕಳವಳವಿತ್ತು.

ಸರೋಜಕ್ಕ ಬೆರಳ ತುದಿಯಿಂದ ಅಂಚು ಸವರಿ, ಜಾಗ ಗುರುತಿಸಿ ಸೂಜಿ ಇಳಿಸಿದರು.

"ಇನ್ನ ಎರಡು ಸೀರೆ ಬಾಕಿ ಅವೆ ಕಣಪ್ಪ. ಕಾಪಿ ಕುಡ್ದುಬುಟ್ಟು ಓಗು."

ಮಾದಪ್ಪ ಕಾಫಿ ಕುಡಿದು ಒಬ್ಬನೇ ಹೊರಟ. ಮರುತಿಂಗಳು ಅದೇ ಕೋಣೆಯಲ್ಲಿ, ಮಿಷಿನ್ನಿನ ಪಕ್ಕದ ಚಾಪೆಯ ಮೇಲೆ ಸರೋಜಕ್ಕ ತೀರಿಕೊಂಡರು. ಎರಡರಲ್ಲಿ ಒಂದು ಸೀರೆಯ ಕೆಲಸ ಮುಗಿದಿತ್ತು. ಇನ್ನೊಂದನ್ನು ನಾನು ಹೊಲಿಯುತ್ತಿದ್ದೇನೆ.